ಬೆಚ್ಚಗಿದ್ದ ಬಾನೆಟ್

ಬಾನೆಟ್ ಬೆಚ್ಚಗಿತ್ತು. ಅವನು ಅಂಗೈಯನ್ನು ಅದರ ಮೇಲಿಂದ ತೆಗೆಯದೆ ನಿಂತ. ಗಾಡಿ ನಿಂತಿದ್ದದ್ದು ಕಾಂಪೌಂಡಿನ ನೆರಳಿನಲ್ಲಿ. ಬಿಸಿಲು ಇನ್ನೂ ಗೇಟಿನಾಚೆ, ರಸ್ತೆಯ ಆ ಬದಿಯಲ್ಲೇ ಇತ್ತು. ಬಿಸಿಲಿನ ಬಿಸಿ ಮೇಲೆ ಮೇಲೆ ತಗುಲಿ ಸುಮ್ಮನಾಗುತ್ತದೆ. ಇದು ಒಳಗಿನಿಂದ ಮೆಲ್ಲಗೆ ಏರಿ ಬರುತ್ತಿತ್ತು. ಬೇಕರಿಯ ಒಲೆಯ ಬಾಯಿಗೆ ಕೈಯೊಡ್ಡಿಯೇ ಅರ್ಧ ಆಯುಷ್ಯ ಕಳೆದವನಿಗೆ ಅಷ್ಟೂ ತಿಳಿಯದಿದ್ದರೆ ಆ ಕೈ ಇದ್ದೇನು ಬಂತು. ಒಲೆ ಆರಿಸಿ, ಬ್ರೆಡ್ಡು ಹೊರಗೆ ತೆಗೆದು, ಟ್ರೇ ತೊಳೆದು, ಟೀ ಕುಡಿದು ಬಂದ ಮೇಲೂ ಒಲೆಯ ಗೋಡೆಯಲ್ಲಿ ಉಳಿದಿರುತ್ತದಲ್ಲ, ಅದೇ ಬಿಸಿ. ಅಂದರೆ ಬೆಳಕು ಹರಿಯುವ ಹೊತ್ತಿಗೆ ಈ ಕಾರು ಓಡಿದೆ. ಬೀದಿಯ ತುದಿಯವರೆಗೆ ಹೋಗಿ ಬಂದಿದ್ದಲ್ಲ, ಚೆನ್ನಾಗಿಯೇ ಓಡಿದೆ. ನಿನ್ನೆ ಫೋನಿನಲ್ಲಿ ಅವನು ಎರಡೆರಡು ಸಲ ಕೇಳಿಕೊಂಡಿದ್ದ, 'ನಾನು ಬರೋ ತನಕ ದಯವಿಟ್ಟು ಸ್ಟಾರ್ಟ್ ಮಾಡ್ಬೇಡಿ ಸಿಸ್ಟರ್, ಇಂಜಿನ್ ತಣ್ಣಗಿರುವಾಗ ನೋಡ್ಬೇಕು' ಎಂದು. 'ಅಯ್ಯೋ, ಮುಟ್ಟೋದೂ ಇಲ್ಲ' ಎಂದಿದ್ದರು ಆ ಕಡೆಯ ಹೆಂಗಸು. ಎಷ್ಟು ಸಲೀಸಾಗಿ ಹೇಳಿದ್ದರು! ಅವನಿಗೆ ಮೈಯೆಲ್ಲ ಒಂದು ಕ್ಷಣ ಕುಗ್ಗಿದಂತಾಯಿತು, ಮೋಸ ಹೋದವನಿಗಿಂತ ಹೆಚ್ಚಾಗಿ, ಕದ್ದು ಏನನ್ನೋ ನೋಡಿಬಿಟ್ಟವನ ಹಾಗೆ.

ಈ ಬಾನೆಟ್ ಮುಟ್ಟುವ ಪಾಠ ಹೇಳಿಕೊಟ್ಟವನು ಅವನ ಅಂಗಡಿಗೆ ದಿನಾ ಬೆಳಿಗ್ಗೆ ಬನ್ನು ತಿನ್ನಲು ಬರುವ ಮೆಕ್ಯಾನಿಕ್. 'ಮೂರು ಲಕ್ಷ ಕಿಲೋಮೀಟರ್ ದಾಟಿದ ಗಾಡಿ ಅಂತೀರಾ? ಓಡಿದ್ದಕ್ಕೆ ಹೆದರ್ಬೇಡಿ, ನೋಡ್ಕೊಳ್ಳದೆ ಇದ್ದಿದ್ದಕ್ಕೆ ಹೆದರಿ. ಮೊದ್ಲು ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ರೆ ಸ್ಟಾರ್ಟಿಂಗ್ ತೊಂದ್ರೆನೋ ಹೊಗೆನೋ, ಏನೋ ಮುಚ್ಚಿಡ್ತಿದ್ದಾರೆ ಅಂತ ಲೆಕ್ಕ, ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿ. ಇಂಜಿನ್ ತೊಳೆದು ಫಳಫಳ ಅಂತಿದ್ರೆ ಇನ್ನೂ ಹುಷಾರು. ಆಮೇಲೆ ನೆಲಕ್ಕೆ ಬೆನ್ನು ಹಚ್ಚಿ ಕೆಳಗೆ ನೋಡಿ, ನಾಚ್ಕೋಬೇಡಿ ಮತ್ತೆ.' ಆ ಕೊನೆಯ ಮಾತನ್ನು ಹೇಳುವಾಗ ಮೆಕ್ಯಾನಿಕ್ ಗಲ್ಲಾದ ಕಡೆ ಒಮ್ಮೆ ಕಣ್ಣು ಹಾಯಿಸಿದ್ದ. ಗಲ್ಲಾದಲ್ಲಿ ಅಕ್ಕ ನಿಂತಿದ್ದಳು. ಐದು ವರ್ಷದ ಹಿಂದಿನ ಆ ವ್ಯಾನಿನ ಕಥೆ ಊರಿಗೇ ಗೊತ್ತು. ಅದನ್ನು ಮಾರಿದವನು ಇಸ್ತ್ರಿ ಷರ್ಟು ಹಾಕಿಕೊಂಡು, ಕೈ ಕುಲುಕಿ, ಟೀ ಕೊಡಿಸಿ, ಅಷ್ಟು ಮರ್ಯಾದೆಯಿಂದ ಮಾತಾಡಿದ್ದ. ಅಂಥವನ ಎದುರಿಗೆ ನೆಲದ ಮೇಲೆ ಮಲಗಿ ವ್ಯಾನಿನ ಹೊಟ್ಟೆ ನೋಡುವುದು ಇವನಿಗೆ ಹೇಗೋ ಅನ್ನಿಸಿತ್ತು. ನೋಡಲಿಲ್ಲ. ಮೂರನೇ ದಿನ ನಡುಮಾರುಕಟ್ಟೆಯಲ್ಲಿ, ತೊಡೆಯ ಮೇಲೆ ಬನ್ನಿನ ಟ್ರೇ ಇಟ್ಟುಕೊಂಡು ಕೂತಿದ್ದ ಅಕ್ಕನ ಬಲಗಾಲು ತುಕ್ಕು ಹಿಡಿದ ತಳವನ್ನು ತೂರಿಕೊಂಡು ರಸ್ತೆಗೆ ಇಳಿದುಬಿಟ್ಟಿತು. ಚಪ್ಪಲಿ ಹಿಂದೆ ಉಳಿಯಿತು. ಸೈಕಲ್ಲಿನವನೊಬ್ಬ ಅದನ್ನು ಎತ್ತಿಕೊಂಡು ಬಂದು ಕಿಟಕಿಯಲ್ಲಿ ಕೊಟ್ಟ, 'ತಗೊಳ್ಳಿ ಅಮ್ಮಾ' ಅಂತ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬೈದಿದ್ದರೆ ಅವನು ಎಂದೋ ಮರೆತುಬಿಡುತ್ತಿದ್ದ. 'ನೀನು ತಂದ ಗಾಡಿಗೆ ಇನ್ನು ನಾನು ಕಾಲಿಡಲ್ಲಪ್ಪಾ. ಇಟ್ರೆ ಆ ಕಡೆಯಿಂದ ಆಚೆ ಬರುತ್ತೆ' ಎಂದು ತಮಾಷೆಗೇ ಹೇಳಿದ್ದಳು, ಆದರೆ ತಮಾಷೆಗೆ ಹೇಳಿದ್ದನ್ನು ಐದು ವರ್ಷದಿಂದ ಪಾಲಿಸಿಕೊಂಡು ಬಂದಿದ್ದಳು. ಅವಳಿಗೀಗ ಮಂಡಿ ನೋವು. ಮನೆಯಿಂದ ಅಂಗಡಿಗೆ ಏರುದಾರಿ. ನಡುವೆ ನಿಂತು, ಯಾರದೋ ಹೂಗಿಡ ನೋಡುವವಳ ಹಾಗೆ ನಟಿಸಿ, ಉಸಿರು ತಿರುಗಿಸಿಕೊಂಡು ಹತ್ತುತ್ತಾಳೆ. ಗಲ್ಲಾದ ಹತ್ತಿರ ನಿಂತೂ ನಿಂತೂ ಬಂದ ನೋವು ಎನ್ನುತ್ತಾಳೆ. ಅವನಿಗೆ ಮಾತ್ರ ಅದು ಆ ವ್ಯಾನಿನದೇ ನೋವು ಎಂದು ಖಾತ್ರಿ. ಇವತ್ತು ಅವಳಿಗೆ ಹೇಳಿ ಬಂದದ್ದು ಈಸ್ಟ್ ತರುತ್ತೇನೆ ಎಂದು. ಅವಳು ಒಂದು ಸಲ, ಒಂದೇ ಒಂದು ಸಲ, ಅವನು ಆರಿಸಿ ತಂದ ಗಾಡಿಯಲ್ಲಿ ಕೂತರೆ ಸಾಕಿತ್ತು. ಬೇರೆ ಏನೂ ಬೇಕಿರಲಿಲ್ಲ ಅವನಿಗೆ.

'ಮುಟ್ಟಿ ನೋಡಿದ್ರಾ? ನೀವು ಫೋನ್ ಮಾಡಿದಾಗಿಂದ ಗಾಡಿ ಅಲ್ಲಾಡಿಲ್ಲ' ಎನ್ನುತ್ತ ಮೆಟ್ಟಿಲಿಳಿದು ಬಂದರು ನರ್ಸಮ್ಮ. ಎಪ್ಪತ್ತರ ಹತ್ತಿರದ, ಚುರುಕು ಹೆಂಗಸು. ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದವರು. ಕಾರಿನ ಮೂರು ಲಕ್ಷ ಕಿಲೋಮೀಟರೂ ಹೆಚ್ಚುಕಡಿಮೆ ಹೆರಿಗೆಗೆಂದೇ ಓಡಿದ್ದಂತೆ. ಈಗ ಭುಜದ ಮೂಳೆ ಮುರಿದು ಕೂಡಿಕೊಂಡ ಮೇಲೆ ಸ್ಟಿಯರಿಂಗ್ ತಿರುಗಿಸುವುದು ಕಷ್ಟ, ಅದಕ್ಕೇ ಮಾರುತ್ತಿರುವುದು ಎಂದು ಫೋನಿನಲ್ಲೇ ಹೇಳಿದ್ದರು. ಅವರ ಹಿಂದೆ ಅವರ ಯಜಮಾನರು, ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡ ಸಣಕಲು ಟೈಲರ್. 'ಅಲ್ಲಾಡಿಲ್ಲ' ಎಂದು ಅವರೂ ದನಿಗೂಡಿಸಿದರು, ನೆಲ ನೋಡುತ್ತ. ಬಾನೆಟ್ ಎತ್ತಿದರು. ಒಳಗೆ ಇಂಜಿನ್ ಅದೆಷ್ಟು ಫಳಫಳ ಎನ್ನುತ್ತಿತ್ತೆಂದರೆ ಅವನ ಮುಖ ಅದರಲ್ಲಿ ಎರಡು ಮೂರು ಕಡೆ ಕಾಣಿಸಿತು. ಆಯಿತು, ಮುಗಿಯಿತು. ಒಂದಲ್ಲ, ಎರಡೂ. ಮಾತಿಗೆ ಮಾತು ಜೋಡಿಸಿ ಇಬ್ಬರೂ ಸೇರಿಯೇ ಸುಳ್ಳು ಹೇಳುತ್ತಿದ್ದಾರೆ. ಮಕ್ಕಳನ್ನು ಭೂಮಿಗೆ ತಂದ ಕೈ, ಬಟ್ಟೆ ಹೊಲಿದ ಕೈ, ಅಂಥವರೂ ಹೀಗೆ ಮಾಡುತ್ತಾರಲ್ಲ ಎಂದು ಕೋಪ ಬರಬೇಕಿತ್ತು, ಬರಲಿಲ್ಲ. ಬಂದದ್ದು ನಾಚಿಕೆ. 'ಬೆಚ್ಚಗಿದೆಯಲ್ಲ ಸಿಸ್ಟರ್' ಎಂದು ಮುಖಕ್ಕೆ ಹೇಳಲು ನಾಲಿಗೆ ಏಳಲಿಲ್ಲ. ಹೇಳಿದರೆ ಅವರ ಮುಖ ಹೇಗಾಗಬಹುದು ಎಂದು ಯೋಚಿಸಿಯೇ ಅವನ ಕಿವಿ ಬಿಸಿಯಾಯಿತು. 'ಒಂದ್ನಿಮಿಷ, ಅಂಗಡೀಲಿ ಒಲೆ ಹಾಗೇ ಬಿಟ್ಟು ಬಂದೆ ಅನ್ಸುತ್ತೆ' ಎಂದು ತೊದಲಿ, ಕಂಕುಳಲ್ಲಿದ್ದ ಖಾಲಿ ಮೈದಾ ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು ಗೇಟಿನತ್ತ ನಡೆದ. ಆ ಚೀಲ ತಂದದ್ದು ನೆಲಕ್ಕೆ ಹಾಸಿಕೊಂಡು ಮಲಗಿ ಕೆಳಗೆ ನೋಡಲು. ಈ ಸಲವೂ ನೋಡದೇ ಹೊರಟ, ಅಷ್ಟೇ ವ್ಯತ್ಯಾಸ, ಈ ಸಲ ಕೊಳ್ಳದೇ ಹೊರಟ.

ಗೇಟು ದಾಟಿ ನಾಲ್ಕು ಮನೆ ಮುಂದೆ ಹೋಗಿರಬೇಕು, ಹಿಂದಿನಿಂದ ಚಪ್ಪಲಿಯ ಸದ್ದು. ಟೈಲರ್ ಓಡಿ ಬರುತ್ತಿದ್ದರು, ಟೇಪಿನ ಎರಡು ತುದಿಗಳೂ ಗಾಳಿಯಲ್ಲಿ. 'ಬೆಚ್ಚಗಿತ್ತು ಅಲ್ವಾ?' ಎಂದರು ಏದುಸಿರಿನಲ್ಲಿ, ಮನೆಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ. 'ನಂಗೊತ್ತಾಯ್ತು ನಿಮ್ಮ ಮುಖ ನೋಡಿ. ನೋಡಿ ಸ್ವಾಮಿ, ನಾನು ಡ್ರೈವಿಂಗ್ ಕಲಿಲೇ ಇಲ್ಲ. ಓಡ್ಸೋದು ಅವಳು, ನೋಡ್ಕೊಳ್ಳೋದು ನಾನು. ಭುಜ ಮುರಿದ ಮೇಲೆ ಇನ್ನು ಮುಟ್ಟಲ್ಲ ಅಂತ ನಂಗೆ ಮಾತು ಕೊಟ್ಟಿದ್ಳು. ಇವತ್ತು ಬೆಳಗಾಗೋ ಮುಂಚೆ, ನಾನು ನಿದ್ದೆ ಮಾಡ್ತಿದೀನಿ ಅಂದ್ಕೊಂಡು, ಚಪ್ಪಲಿ ಕೈಲಿ ಹಿಡ್ಕೊಂಡು ಕಳ್ಳಿ ಹಾಗೆ ಹೋದ್ಳು. ನಿಮಗೆ ಕೊಡೋ ಮುಂಚೆ ಕೊನೇ ಸಲ ಓಡ್ಸೋಕೆ. ನಾನು ಜೋರಾಗಿ ಗೊರಕೆ ಹೊಡೆದೆ, ಅವಳಿಗೆ ಧೈರ್ಯ ಬರ್ಲಿ ಅಂತ.' ಅವರು ನಗುತ್ತಿದ್ದರು, ಕಣ್ಣು ಮಾತ್ರ ಬೇಡಿಕೊಳ್ಳುತ್ತಿತ್ತು. 'ಗೊತ್ತಾಗಿದೆ ಅಂತ ಅವಳಿಗೆ ಹೇಳ್ಬೇಡಿ. ಕದ್ದು ಓಡಿಸಿದ ಖುಷಿ ಅವಳಿಗಿರ್ಲಿ. ಇಂಜಿನ್ ತೊಳೆದಿದ್ದು ನಾನೇ. ಬೇರೆಯವರ ಮನೆಗೆ ಹೋಗೋದು, ಕೊಳಕಾಗಿ ಹೇಗ್ರೀ ಕಳ್ಸೋದು?' ತಾನು ಈ ಮನುಷ್ಯನನ್ನು ಮನಸ್ಸಿನಲ್ಲೇ ಆ ಇಸ್ತ್ರಿ ಷರ್ಟಿನವನ ಪಕ್ಕ ನಿಲ್ಲಿಸಿಬಿಟ್ಟಿದ್ದೆ ಎಂದು ನೆನೆದು ಅವನು ಚೀಲವನ್ನು ಆ ಕಂಕುಳಿನಿಂದ ಈ ಕಂಕುಳಿಗೆ ಬದಲಾಯಿಸಿದ. ಇದೂ ಒಂದು ನಾಟಕವಿದ್ದರೆ ಎಂಬ ಇಲಿ ಒಳಗೆ ಎಲ್ಲೋ ಓಡಾಡಿತು. ಇರಲಿ, ತಣ್ಣಗಾದ ಮೇಲೆ ಇಂಜಿನ್ನೇ ಹೇಳುತ್ತದೆ, ಕಾದು ನೋಡಿದರಾಯಿತು. ಬಿಸಿ ಬ್ರೆಡ್ಡಿಗೆ ಚಾಕು ಹಾಕುವವನಲ್ಲ ಅವನು. ಆದರೆ ಯಾಕೆ ಕಾಯುತ್ತಿದ್ದೇನೆ ಎಂದು ನರ್ಸಮ್ಮನಿಗೆ ಹೇಳುವ ಹಾಗಿಲ್ಲವಲ್ಲ! 'ಮೊದ್ಲು ಕೆಳಗೆಲ್ಲ ನೋಡ್ತೀನಿ ಸಾರ್. ನಿಧಾನಕ್ಕೆ' ಎಂದ. ಟೈಲರ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

'ಒಲೆ ಆರಿಸಿಯೇ ಬಂದಿದ್ದೆ, ನೆನಪಾಯ್ತು' ಎಂದು ನರ್ಸಮ್ಮನಿಗೆ ಹೇಳಿ, ಫೋನನ್ನು ಜಗಲಿಯ ಮೇಲಿಟ್ಟು, ಮೈದಾ ಚೀಲ ಹಾಸಿಕೊಂಡು ಅವನು ಕಾರಿನ ಕೆಳಗೆ ತೂರಿದ. ಬೆನ್ನು ನೆಲಕ್ಕೆ ತಾಗಿದಾಗ ಐದು ವರ್ಷದಿಂದ ಬಾಕಿ ಉಳಿದಿದ್ದ ಕೆಲಸವೊಂದನ್ನು ಮಾಡುತ್ತಿದ್ದೇನೆ ಅನ್ನಿಸಿತು. ಮೇಲಿಂದ ಯಾರು ನೋಡುತ್ತಿದ್ದಾರೆ, ಹೊಟ್ಟೆ ಎಷ್ಟು ಮುಂದೆ ಬಂದಿದೆ, ಕಾಲ್ಚೀಲದ ತೂತು ಕಾಣುತ್ತಿದೆಯೇ, ಎಲ್ಲ ಹೊರಗೇ ಉಳಿಯಿತು. ಜೇಬಿನಲ್ಲಿ ತಂದಿದ್ದ ಟಾರ್ಚಿನ ಬೆಳಕಿನಲ್ಲಿ ಗಾಡಿಯ ತಳ ಒಂದು ತಗ್ಗು ಸೂರಿನ ಹಾಗೆ ಕಂಡಿತು. ಬೆರಳ ಗೆಣ್ಣಿನಿಂದ ತಟ್ಟಿದ. ಬ್ರೆಡ್ಡನ್ನು ಬೋರಲು ಮಾಡಿ ತಳ ತಟ್ಟಿ ಕೇಳುತ್ತಾರಲ್ಲ, ಬೆಂದಿದ್ದರೆ ಟೊಳ್ಳಾಗಿ, ಹಸಿಯಿದ್ದರೆ ಮೊದ್ದಾಗಿ. ಇಲ್ಲಿ ಉದ್ದಕ್ಕೂ ಒಂದೇ ತೆರನಾದ ಗಟ್ಟಿ ದನಿ ಬಂತು. ಒಂದು ಕಡೆ ಹೊಸ ತಗಡು ಕೂರಿಸಿ ಬಣ್ಣ ಬಳಿದಿದ್ದರು, ಅಂಚು ಎಷ್ಟು ಚೊಕ್ಕವೆಂದರೆ ಟೈಲರ್ ಕೆಲಸವೇ ಸರಿ. ಎಣ್ಣೆ ಸೋರಿದ ಗುರುತು ನೆಲದ ಮೇಲೆ ಎಲ್ಲೂ ಇಲ್ಲ; ಇಂಜಿನ್ ತೊಳೆಯಬಹುದು, ವರ್ಷಗಟ್ಟಲೆ ನಿಂತ ಜಾಗದ ಕಲ್ಲನ್ನು ತೊಳೆದು ಹೊಸದು ಮಾಡಲಾಗದು. ಸೈಲೆನ್ಸರ್‌ನ ಕ್ಲಾಂಪ್ ಹೊಸತು. ಮುಂದಿನ ಟೈರುಗಳು ಎರಡೂ ಕಡೆ ಸಮನಾಗಿ ಸವೆದಿವೆ. ಬಲಗಾಲು ಇಡುವ ಜಾಗಕ್ಕೆ, ಅಂದರೆ ಅಕ್ಕ ಕೂತರೆ ಅವಳ ಬಲಗಾಲು ಬರುವ ಜಾಗಕ್ಕೆ, ಅಂಗೈ ಒತ್ತಿ ತಳ್ಳಿದ. ಅಲ್ಲಾಡಲಿಲ್ಲ. ಇನ್ನೊಮ್ಮೆ ತಳ್ಳಿದ. ಚಿಕ್ಕವನಿದ್ದಾಗ ಒಲೆಯ ಬಾಯಿಯ ಮುಂದೆ ಅಕ್ಕ ತನ್ನ ಕೈಯ ಮೇಲೆ ಅವನ ಕೈಯಿಟ್ಟು ಹಿಡಿಯುತ್ತಿದ್ದಳು, 'ಈಗ? ಈಗ ಬನ್ನು ಹಾಕ್ಬಹುದಾ? ಕೈನ ಕೇಳು, ನನ್ನ ಕೇಳ್ಬೇಡ' ಎನ್ನುತ್ತಿದ್ದಳು. ಆಗ ಅವಳ ಕೈ ದೊಡ್ಡದಿತ್ತು. ಚೀಲದಿಂದ ಮೈದಾದ ವಾಸನೆ ಬರುತ್ತಿತ್ತು, ಕಲ್ಲು ತಂಪಾಗಿತ್ತು, ಮೇಲೆ ಲೋಹ ಆರುತ್ತ ಆಗಾಗ ಟಿಕ್ ಎನ್ನುತ್ತಿತ್ತು. ಊರು ಏಳುವ ಮುಂಚೆಯೇ ಎದ್ದು ಹಿಟ್ಟು ನಾದಿದವನು ಅವನು. ಒಂದು ಕ್ಷಣ ಕಣ್ಣು ಮುಚ್ಚಿದರೆ ತಪ್ಪೇನು, ಹೇಗೂ ಕಾಯಬೇಕು ತಾನೇ ಅಂದುಕೊಂಡ.

ಎಚ್ಚರವಾದಾಗ ಯಾರೋ ಅವನ ಕಾಲಿನ ಗಂಟಿನ ಹತ್ತಿರ ಬೆರಳು ಒತ್ತಿ ಹಿಡಿದಿದ್ದರು. 'ನಾಡಿ ಚೆನ್ನಾಗಿದೆ' ಎಂದಿತು ನರ್ಸಮ್ಮನ ದನಿ. 'ನಾನ್ಹೇಳ್ಲಿಲ್ವಾ, ನಿದ್ದೆ ಅಷ್ಟೇ. ಆದ್ರೂ ಇಷ್ಟೊತ್ತು ಅಂದ್ರೆ...' ಅವನು ಗಾಬರಿಯಿಂದ ಏಳಲು ಹೋಗಿ ಹಣೆಯನ್ನು ಗಾಡಿಯ ತಳಕ್ಕೆ ಗುದ್ದಿಕೊಂಡ. ತಳ ಗಟ್ಟಿಯಿದೆ ಎಂಬುದಕ್ಕೆ ಇನ್ನು ಸಾಕ್ಷಿ ಬೇಕಿರಲಿಲ್ಲ. ಹೊರಳಿ ಹೊರಗೆ ಬಂದರೆ ನಡುಮಧ್ಯಾಹ್ನ. ಬಿಸಿಲು ಗೇಟು ದಾಟಿ ಒಳಗೆ ಬಂದಿತ್ತು. ಕಾರಿನಿಂದ ಹೊರಗೆ ಚಾಚಿಕೊಂಡಿದ್ದ ಅವನ ಕಾಲು ಸುಡದಿರಲೆಂದು ಟೈಲರ್ ಒಂದು ಬಿಳಿ ಬಟ್ಟೆಯನ್ನು ಎರಡು ಕುರ್ಚಿಗಳಿಗೆ ಕಟ್ಟಿ ಚಪ್ಪರ ಮಾಡಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಾಡಿ ನೋಡಲು ಬಂದವನು ಗಾಡಿಯ ಕೆಳಗೇ ಗೊರಕೆ ಹೊಡೆದದ್ದು ಊರಲ್ಲಿ ಗೊತ್ತಾದರೆ ವ್ಯಾನಿನ ಕಥೆ ಇದರ ಮುಂದೆ ಸಪ್ಪೆ. 'ನಿಮ್ಮ ಅಕ್ಕ ಫೋನ್ ಮಾಡಿದ್ರು' ಎಂದರು ನರ್ಸಮ್ಮ. 'ನಾನೇ ಎತ್ತಿದೆ. ಕಾರ್ ನೋಡೋಕೆ ಬಂದಿದ್ದಾರೆ, ಹಾಗೇ ನಿದ್ದೆ ಹೋಗಿದ್ದಾರೆ ಅಂದೆ. ಗಾಡಿ ಒಳಗೋ, ಗಾಡಿ ಕೆಳಗೋ ಅಂತ ಕೇಳಿದ್ರು. ಕೆಳಗೆ ಅಂದೆ. ಆಮೇಲೆ, ಹಾಗಾದ್ರೆ ಈ ಸಲ ಕೆಳಗೆ ನೋಡಿದ್ದಾನೆ, ಮಲಗ್ಲಿ ಬಿಡಿ ಅಂದ್ರು. ಏನು ಹಾಗಂದ್ರೆ?' ಅವನು ಚೀಲ ಕೊಡವಿದ. ಮೈದಾ ಹಾರಿ ಮೂವರ ಮೇಲೂ ಬಿತ್ತು. ಮುಖ ತಿರುಗಿಸಿಕೊಂಡು, ಇನ್ನೂ ನೆರಳಿನಲ್ಲೇ ಇದ್ದ ಬಾನೆಟ್ ಮೇಲೆ ಕೈಯಿಟ್ಟ. ತಣ್ಣಗಿತ್ತು, ಹೂಜಿಯ ಹೊಟ್ಟೆಯಷ್ಟು ತಣ್ಣಗೆ.

ಆಯಿಲ್ ಕಡ್ಡಿ ಎಳೆದು ನೋಡಿದ: ಬೆಲ್ಲದ ಪಾಕದ ಬಣ್ಣ. ಆಯಿಲ್ ಮುಚ್ಚಳದ ಒಳಗೆ ಕೆನೆಗಟ್ಟಿರಲಿಲ್ಲ, ರೇಡಿಯೇಟರ್ ನೀರಲ್ಲಿ ಎಣ್ಣೆ ತೇಲುತ್ತಿರಲಿಲ್ಲ, ಅಂದರೆ ಒಳಗೆಲ್ಲೂ ನೀರೂ ಎಣ್ಣೆಯೂ ಬೆರೆತಿಲ್ಲ. 'ಟೈಮಿಂಗ್ ಬೆಲ್ಟ್ ಹೋದ ವರ್ಷ ಹಾಕ್ಸಿದ್ದು' ಎಂದರು ಟೈಲರ್, 'ಕ್ಲಚ್ ಇನ್ನೊಂದು ವರ್ಷ ಬರಬಹುದು, ಅದಕ್ಕಿಂತ ಜಾಸ್ತಿ ನಾನು ಹೇಳಲ್ಲ. ಮೂರನೇ ಗೇರು ಹಟ ಮಾಡುತ್ತೆ, ಪುಸಲಾಯಿಸ್ಬೇಕು. ಹಿಂದಿನ ಎಡಗಡೆ ಬಾಗಿಲು ಒಳಗಿಂದ ತೆಗೆಯೋಕಾಗಲ್ಲ. ವೈಪರ್ ಮೋಟರ್ ಬಿಸಿಯಾದ್ರೆ ಮಲಗಿಬಿಡುತ್ತೆ, ನಿಮ್ಮ ಹಾಗೆ.' ಒಂದೊಂದು ದೋಷ ಹೇಳುವಾಗಲೂ ಗಾಡಿಯ ಮೈ ಒಂದೊಂದು ಕಡೆ ಸವರುತ್ತಿದ್ದರು. ನರ್ಸಮ್ಮ ಕೀ ತಿರುಗಿಸಿದರು. ಅವನು ಹಿಂದೆ ಹೋಗಿ ಸೈಲೆನ್ಸರ್ ಎದುರು ಕುಕ್ಕರಗಾಲಲ್ಲಿ ಕೂತ. ಉಸಿರು ಬಿಗಿಹಿಡಿದಿದ್ದ. ಇಂಜಿನ್ ಒಂದು ಸಲ ಗಂಟಲು ಸರಿಮಾಡಿಕೊಂಡು, ಎರಡನೆಯ ಸುತ್ತಿಗೆ ಎದ್ದಿತು. ನೀಲಿಯ ಒಂದು ಎಳೆ ಹೊಗೆ ಬಂತು, ಹೋಯಿತು. ಇಂಜಿನ್ನಿನ ಮೇಲ್ಗಡೆ ಟಪಟಪ ಎಂದದ್ದು ನಿಮಿಷದೊಳಗೆ ಅಡಗಿತು. ಇಷ್ಟೇನಾ? ಇಷ್ಟೇ! ಮುಚ್ಚಿಡಲು ಏನೂ ಇರಲೇ ಇಲ್ಲ. ಅವನಿಗೆ ಎದ್ದು ಕುಣಿಯಬೇಕೆನ್ನಿಸಿತು. ಎದ್ದ, ಆದರೆ ಕಾಲು ಜೋಮು ಹಿಡಿದು ಕುಂಟಿದ.

ಓಡಿಸಿ ನೋಡಲು ಅವನ ಜೊತೆ ಪಕ್ಕದಲ್ಲಿ ಕೂತದ್ದು ನರ್ಸಮ್ಮ. ಟೈಲರ್ ಹೊಲಿದ ಸೀಟು ಕವರಿಗೆ ಅಂಚಿನಲ್ಲಿ ಸಣ್ಣ ಜೇಬು, ಅದರಲ್ಲಿ ಇನ್ನೂ ಒಂದು ಕತ್ತರಿ, ಹತ್ತಿಯ ಉಂಡೆ. ಮೂರನೇ ಗೇರು ಹಟ ಮಾಡಿತು. 'ಒತ್ಬೇಡಿ, ಒಂಚೂರು ನಿಂತು ಕೇಳಿ ನೋಡಿ' ಎಂದರು, ಹೆರಿಗೆ ಮನೆಯಲ್ಲಿ ಹೇಳುತ್ತಿದ್ದ ದನಿಯಲ್ಲೇ ಇರಬೇಕು. ಬಿದ್ದಿತು ಗೇರು. ಬ್ರೇಕು ಒತ್ತಿದರೆ ಗಾಡಿ ಯಾವ ಕಡೆಗೂ ಎಳೆಯಲಿಲ್ಲ. ಖಾಲಿ ರಸ್ತೆಯಲ್ಲಿ ಸ್ಟಿಯರಿಂಗ್ ಬಿಟ್ಟರೆ ನೆಟ್ಟಗೆ ಹೋಯಿತು. ಬೀದಿ ತಿರುಗಿದ ಮೇಲೆ ನರ್ಸಮ್ಮ ಹಿಂದಕ್ಕೆ ನೋಡಿದರು, ಯಾರಾದರೂ ಕೇಳಿಸಿಕೊಂಡಾರೆಂಬ ಹಾಗೆ. 'ನಿಮ್ಮತ್ರ ಒಂದು ಸುಳ್ಳು ಹೇಳಿದೆ ಕಣಪ್ಪಾ. ಬೆಳಿಗ್ಗೆಯಿಂದ ಅನ್ನ ಇಳೀತಿಲ್ಲ. ಬೆಳಗಾಗೋ ಮುಂಚೆ ನಾನು ಗಾಡಿ ತೆಗೆದಿದ್ದೆ. ನಾನು ಮಗು ಹಿಡಿದ ಮನೆಗಳಿದಾವಲ್ಲ, ಆ ಬೀದಿಗಳಿಗೆಲ್ಲ ಹೋಗಿ, ಪ್ರತಿ ಮನೆ ಮುಂದೆ ಒಂದೊಂದು ಸಲ ಮೆಲ್ಲಗೆ ಹಾರ್ನ್ ಹೊಡ್ದೆ. ಎಷ್ಟು ಜನ ಬೈಕೊಂಡ್ರೋ! ಭುಜ ನೋವ್ತಾ ಇತ್ತು, ಆದ್ರೂ ಏನು ಚೆಂದ ಇತ್ತು ಗೊತ್ತಾ! ನಮ್ಮನೆಯವರಿಗೆ ಮಾತ್ರ ಹೇಳ್ಬೇಡಿ, ದಮ್ಮಯ್ಯ. ಪಾಪ, ಏನೂ ಅರಿಯದೆ ಗೊರಕೆ ಹೊಡೀತಾ ಮಲಗಿದ್ರು.' ಅವನಿಗೆ ನಗು ಹೊಟ್ಟೆಯಿಂದ ಒದ್ದುಕೊಂಡು ಬಂತು. ತಡೆದ. ತಡೆಯಲಾಗಲಿಲ್ಲ. ಗಾಡಿಯನ್ನು ರಸ್ತೆ ಬದಿಗೆ ಹಾಕಿ, ಸ್ಟಿಯರಿಂಗಿಗೆ ಹಣೆಯಿಟ್ಟು ನಕ್ಕ. 'ಯಾಕ್ರೀ, ಏನಾಯ್ತು?' ಎಂದು ಕೇಳುತ್ತ ಕೇಳುತ್ತ ಅವರೂ ನಗತೊಡಗಿದರು, ಯಾಕೆಂದು ತಿಳಿಯದೆಯೇ. 'ಹೇಳಲ್ಲ ಸಿಸ್ಟರ್, ಖಂಡಿತ ಹೇಳಲ್ಲ' ಎಂದ, ಕಣ್ಣೊರೆಸಿಕೊಂಡು. ಯಾರಿಗೆ ಯಾವುದನ್ನು ಹೇಳಬಾರದೆಂಬುದು ಅವನಿಗೇ ಗೋಜಲಾಗಿತ್ತು.

ಬೆಲೆಯ ಮಾತು ಟೀ ಆರುವಷ್ಟರಲ್ಲಿ ಮುಗಿಯಿತು. ಕಾಗದಪತ್ರಕ್ಕೆ ನಾಳೆ ಬನ್ನಿ, ಗಾಡಿ ಇವತ್ತೇ ಒಯ್ಯಿರಿ ಎಂದರು ಇಬ್ಬರೂ, ಹೆಚ್ಚು ಹೊತ್ತು ಅದನ್ನು ಎದುರಿಗೆ ಇಟ್ಟುಕೊಂಡು ಕೂರಲಾಗದವರ ಹಾಗೆ. ಗೇಟಿನಲ್ಲಿ ಟೈಲರ್ ಕಣ್ಣು ಮಿಟುಕಿಸಿದರು. ಅವರ ಹಿಂದೆ ನಿಂತು ನರ್ಸಮ್ಮನೂ ಕಣ್ಣು ಮಿಟುಕಿಸಿದರು. ಅಲ್ಲಿಂದ ಬೇಕರಿಗೆ ಇರುವುದು ಹತ್ತು ನಿಮಿಷದ ಹಾದಿ. ಅವನು ಆ ಹಾದಿ ಹಿಡಿಯಲಿಲ್ಲ. ತಿರುವಿನಲ್ಲಿ ಕೈ ತಾನೇ ಆ ಕಡೆ ತಿರುಗಿಸಿತು: ಕೆರೆಯ ದಂಡೆಯ ಮೇಲೆ, ಹಳೆಯ ರೈಲು ಗೇಟಿನಾಚೆ, ಎರಡೂ ಬದಿ ಮರಗಳಿರುವ ಉದ್ದದ ರಸ್ತೆ. ಕಿಟಕಿಯೆಲ್ಲ ಇಳಿಸಿದ. ಮೂರನೇ ಗೇರನ್ನು ನಿಂತು ಕೇಳಿ ಹಾಕಿದ. ಅಕ್ಕನಿಗೆ ಗೊತ್ತಾಗಿದೆ. ಹೋದೊಡನೆ ಏನೆನ್ನುತ್ತಾಳೆ? 'ಚೆನ್ನಾಗಿದೆಯಪ್ಪಾ, ನೀನೇ ಓಡಿಸ್ಕೋ' ಎಂದು ನಕ್ಕು, ನಾಳೆಯೂ ಮಂಡಿ ಹಿಡಿದುಕೊಂಡು ನಡೆದೇ ಏರು ಹತ್ತಿಬಿಟ್ಟರೆ? ಎದೆಯೊಳಗೆ ಆ ಹೆದರಿಕೆ ಇತ್ತು, ಅದರ ಪಕ್ಕದಲ್ಲೇ ಈ ಸಂತೋಷವೂ ಇತ್ತು, ಒಂದಕ್ಕೊಂದು ಜಾಗ ಬಿಟ್ಟುಕೊಡದೆ. ಯಾರೂ ಇಲ್ಲದ ಕಡೆ, ಕಾರಣವೇ ಇಲ್ಲದೆ, ಒಂದು ಸಲ ಮೆಲ್ಲಗೆ ಹಾರ್ನ್ ಹೊಡೆದ. ಗಾಡಿ ತಿರುಗಿಸಿ ಮತ್ತೆ ಅದೇ ರಸ್ತೆಯಲ್ಲಿ ಇನ್ನೊಂದು ಸಲ ಹೋಗಿ ಬಂದ.

ಅಂಗಡಿಯ ಮುಂದೆ ನಿಲ್ಲಿಸಿದಾಗ ಅಕ್ಕ ಬಾಗಿಲಲ್ಲೇ ಇದ್ದಳು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. 'ಈಸ್ಟ್ ಎಲ್ಲೋ?' ಎಂದಳು. ಅವಳು ಮೆಟ್ಟಿಲಿಳಿದು, ಮಂಡಿಯನ್ನು ಹುಷಾರಾಗಿ ಊರುತ್ತ ಗಾಡಿಯ ಮುಂದಕ್ಕೆ ಬಂದಳು. ಬಣ್ಣ ನೋಡಲಿಲ್ಲ, ಟೈರು ನೋಡಲಿಲ್ಲ. ಬಾನೆಟ್ ಮೇಲೆ ಅಂಗೈಯಿಟ್ಟಳು. ಇಟ್ಟು, ಒಲೆಯ ಬಾಯಿಯ ಮುಂದೆ ನಿಲ್ಲುತ್ತಿದ್ದಳಲ್ಲ, ಹಾಗೆಯೇ ತಲೆ ಒಂದು ಕಡೆ ವಾಲಿಸಿ ನಿಂತಳು. ಅವನಿಗೆ ಬೆವರಿಳಿಯಿತು.

'ಅವರ ಮನೆ ಎಲ್ಲಿ ಅಂದೆ?'

'ಇಲ್ಲೇ ಅಕ್ಕಾ, ಆಸ್ಪತ್ರೆ ಹಿಂದೆ.'

'ಅಲ್ಲಿಂದ ನೇರ ಬಂದ್ಯಾ?'

'ಹೂಂ, ನೇರ ಬಂದೆ.'

ಅವಳ ಅಂಗೈ ಇನ್ನೂ ಅಲ್ಲೇ ಇತ್ತು. ತುಟಿಯ ತುದಿ ಒಂದಿಷ್ಟು ಅಲುಗಿತು, ಮತ್ತೆ ಗಂಭೀರವಾಯಿತು. 'ಹೌದಾ' ಎಂದಳು. ಆಮೇಲೆ ಆ ಬದಿಗೆ ನಡೆದು ಬಾಗಿಲು ತೆರೆದು, ಬಲಗಾಲನ್ನು ಒಳಗಿಟ್ಟು, ತಳವನ್ನು ಒಮ್ಮೆ ಮೆಲ್ಲಗೆ, ಇನ್ನೊಮ್ಮೆ ಜೋರಾಗಿ ಒದ್ದಳು. ಒಳಗಿನಿಂದ ಆ ಗಟ್ಟಿ ದನಿ ಬಂತು. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು, ಅವಳು ನೋಡಲಿಲ್ಲ. ಎಡಗಾಲನ್ನೂ ಎತ್ತಿ ಒಳಗಿಟ್ಟು, ಸೀರೆಯ ನೆರಿಗೆ ಸರಿಮಾಡಿಕೊಂಡು, ಬೆನ್ನು ಒರಗಿಸಿ ಕೂತಳು.

'ಹತ್ತೋ, ಏನು ಗರ ಬಡಿದವನ ಹಾಗೆ ನಿಂತಿದೀಯ? ಈಸ್ಟ್ ತರೋಣ' ಎಂದಳು. 'ಈಗ ನೇರ ಬಂದ್ಯಲ್ಲ, ನನ್ನನ್ನೂ ಅದೇ ದಾರೀಲಿ ಕರ್ಕೊಂಡು ಹೋಗು.'